ಇಗ್ನಿಷನ್ ಕಾಯಿಲ್: 12 ವೋಲ್ಟ್‌ನಿಂದ 25 ಸಾವಿರ ವೋಲ್ಟ್ ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೈಕು, ಕಾರು, ಆಟೋ ಇಟ್ಟುಕೊಂಡವರು, ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವವರು, ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು ಇಗ್ನಿಷನ್ ಕಾಯಿಲ್ ಬಗ್ಗೆ, ಅಂದರೆ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರಿಸಲು ಬೇಕಾದ ಭಾರಿ ವೋಲ್ಟೇಜ್ ಕೊಡುವ ಭಾಗದ ಬಗ್ಗೆ, ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇವೆ. ಸುಲಭದ್ದು ಮೊದಲು, ಆಳದ್ದು ಕೊನೆಗೆ. ಇಲ್ಲಿರುವ ಅಂಕಿಗಳು ಸಾಮಾನ್ಯ ಮಟ್ಟದವು. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ನಂಬಿ.

## ಮೊದಲ ಪಾಠ

ಬ್ಯಾಟರಿಯಲ್ಲಿ ಇರೋದೇ 12 ವೋಲ್ಟ್. ಪ್ಲಗ್‌ಗೆ 20-25 ಸಾವಿರ ವೋಲ್ಟ್ ಎಲ್ಲಿಂದ ಬರುತ್ತೆ?

ಕಾಯಿಲ್ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಬ್ಯಾಟರಿಯಿಂದ ನಿಧಾನವಾಗಿ ತೆಗೆದುಕೊಂಡು, ಕಾಂತಕ್ಷೇತ್ರದ ರೂಪದಲ್ಲಿ ಕೂಡಿಟ್ಟು, ಒಮ್ಮೆಲೇ ಬಿಡುತ್ತದೆ. ಪ್ರೈಮರಿ, ಅಂದರೆ ಬ್ಯಾಟರಿಯ ಕಡೆಯ ಸುರುಳಿಯಲ್ಲಿ ಕೆಲವು ಮಿಲಿಸೆಕೆಂಡ್ ಕಾಲ 3ರಿಂದ 8 ಆಂಪಿಯರ್ ಕರೆಂಟ್ ಹರಿದು ಕಬ್ಬಿಣದ ತಿರುಳಿನ ಸುತ್ತ ಕಾಂತಕ್ಷೇತ್ರ ಕಟ್ಟುತ್ತದೆ. ಆ ಕರೆಂಟನ್ನು ಥಟ್ಟನೆ ಕಡಿದಾಗ ಕ್ಷೇತ್ರ ಕುಸಿಯುತ್ತದೆ. ಪ್ರೈಮರಿಯಲ್ಲೇ 250ರಿಂದ 400 ವೋಲ್ಟ್ ಏಳುತ್ತದೆ. ಸೆಕೆಂಡರಿ, ಅಂದರೆ ಪ್ಲಗ್ಗಿನ ಕಡೆಯ ಸುರುಳಿಯಲ್ಲಿ ಅದರ ಸುಮಾರು 100 ಪಟ್ಟು ಸುತ್ತುಗಳಿರುವುದರಿಂದ ಅಲ್ಲಿ 25ರಿಂದ 40 ಸಾವಿರ ವೋಲ್ಟ್‌ವರೆಗೆ ಏರಬಲ್ಲದು. ಏರಬಲ್ಲದು ಎಂದಷ್ಟೇ ಹೇಳುತ್ತಿದ್ದೇವೆ. ನಿಜವಾಗಿ ಎಷ್ಟು ಏರುತ್ತದೆ ಎಂಬುದನ್ನು ತೀರ್ಮಾನಿಸುವುದು ಪ್ಲಗ್ಗು. ಈ ಮಾತು ಮುಂದೆ ಬಹಳ ಕಡೆ ಬೇಕಾಗುತ್ತದೆ.

ಕಾಯಿಲ್ ಬಿಚ್ಚಿದ್ರೆ ಒಳಗೆ ಏನಿರುತ್ತೆ?

ನಡುವೆ ತೆಳು ಸಿಲಿಕಾನ್ ಸ್ಟೀಲ್ ಪಟ್ಟಿಗಳನ್ನು ಒತ್ತಾಗಿ ಜೋಡಿಸಿದ ತಿರುಳು ಇರುತ್ತದೆ. ಗಟ್ಟಿ ಕಬ್ಬಿಣದ ಸರಳು ಹಾಕಿದರೆ ಅದರೊಳಗೇ ಸುಳಿ ಕರೆಂಟ್ ಹುಟ್ಟಿ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ, ಅದಕ್ಕೇ ಪಟ್ಟಿಗಳು. ಪ್ರೈಮರಿಯಲ್ಲಿ ಅರ್ಧ ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪದ ತಂತಿ 100ರಿಂದ 250 ಸುತ್ತು. ಸೆಕೆಂಡರಿಯಲ್ಲಿ ತಲೆಕೂದಲಿನಷ್ಟು ಸಣ್ಣ ತಂತಿ, 10 ಸಾವಿರದಿಂದ 25 ಸಾವಿರ ಸುತ್ತು.

ಅಂಬಾಸಿಡರ್, ಪದ್ಮಿನಿ ಕಾಲದ ಡಬ್ಬಿ ಕಾಯಿಲ್‌ನಲ್ಲಿ ಸೆಕೆಂಡರಿ ಒಳಗೆ, ಪ್ರೈಮರಿ ಹೊರಗೆ. ಹೆಚ್ಚು ಬಿಸಿಯಾಗುವುದು ಪ್ರೈಮರಿ. ಅದು ಡಬ್ಬಿಯ ಗೋಡೆಗೆ ಹತ್ತಿರವಿದ್ದರೆ ಬಿಸಿ ಬೇಗ ಹೊರಗೆ ಹೋಗುತ್ತದೆ. ಉಳಿದ ಜಾಗಕ್ಕೆ ಎಣ್ಣೆ ಅಥವಾ ಡಾಂಬರಿನಂಥ ವಸ್ತು ತುಂಬುತ್ತಿದ್ದರು. ಈಗಿನವುಗಳಲ್ಲಿ ಎಪಾಕ್ಸಿ ಸುರಿದು ಗಟ್ಟಿ ಮಾಡಿರುತ್ತಾರೆ, ಬಿಚ್ಚಿ ರಿಪೇರಿ ಮಾಡುವ ಮಾತೇ ಇಲ್ಲ.

ಸ್ವಿಚ್ ಆನ್ ಆದಾಗ ಕಿಡಿ ಬರದೆ, ಆಫ್ ಆದಾಗ ಯಾಕೆ ಬರುತ್ತೆ?

ಸೆಕೆಂಡರಿಯಲ್ಲಿ ಎಷ್ಟು ವೋಲ್ಟ್ ಹುಟ್ಟುತ್ತದೆ ಎಂಬುದು ಕಾಂತಕ್ಷೇತ್ರ ಎಷ್ಟು ವೇಗವಾಗಿ ಬದಲಾಗುತ್ತದೆ ಎಂಬುದರ ಮೇಲೆ ನಿಂತಿದೆ. ಆನ್ ಮಾಡಿದಾಗ ಪ್ರೈಮರಿಯ ಇಂಡಕ್ಟನ್ಸ್ ಕರೆಂಟನ್ನು ತಡೆಯುತ್ತದೆ, ಆದ್ದರಿಂದ ಅದು ಮಿಲಿಸೆಕೆಂಡ್‌ಗಟ್ಟಲೆ ತೆಗೆದುಕೊಂಡು ಏರುತ್ತದೆ. ಆಫ್ ಮಾಡಿದಾಗ ಅದೇ ಕರೆಂಟ್ ಮೈಕ್ರೋಸೆಕೆಂಡ್‌ಗಳಲ್ಲಿ ಸೊನ್ನೆಗೆ ಬೀಳುತ್ತದೆ. ಪಂಪ್‌ಸೆಟ್ ಪೈಪಿನಲ್ಲಿ ನೀರು ರಭಸವಾಗಿ ಹೋಗುತ್ತಿರುವಾಗ ವಾಲ್ವ್ ಥಟ್ಟನೆ ಮುಚ್ಚಿದರೆ ಪೈಪು ಧಡ್ ಎಂದು ಅದುರುತ್ತದಲ್ಲ, ಆ ಕ್ಷಣದ ಒತ್ತಡ ಪಂಪು ಕೊಡುವ ಒತ್ತಡಕ್ಕಿಂತ ಎಷ್ಟೋ ಹೆಚ್ಚು. ಇಲ್ಲೂ ಹಾಗೇ. ಎಂಜಿನ್ನಿನ ಟೈಮಿಂಗ್ ಹೊಂದಿಸುವಾಗ ಪಾಯಿಂಟ್ (ಹಳೆ ಗಾಡಿಗಳಲ್ಲಿ ಪ್ರೈಮರಿ ಕರೆಂಟನ್ನು ಕಡಿಯುವ ಸ್ವಿಚ್) ತೆರೆದುಕೊಳ್ಳುವ ಕ್ಷಣವನ್ನೇ ಹಿಡಿಯುವುದು ಇದೇ ಕಾರಣಕ್ಕೆ.

ಹಾಗಾದ್ರೆ ಇದು ಮಾಮೂಲಿ ಟ್ರಾನ್ಸ್‌ಫಾರ್ಮರ್ ತಾನೆ?

ಪೂರ್ತಿ ಅಲ್ಲ. ಸುತ್ತಿನ ಲೆಕ್ಕ ಮಾತ್ರ ಹಿಡಿದರೆ 12ನ್ನು 100ರಿಂದ ಗುಣಿಸಿ 1,200 ವೋಲ್ಟ್ ಬರಬೇಕು, ಅಷ್ಟಕ್ಕೆ ಎಂಜಿನ್ನಿನೊಳಗೆ ಕಿಡಿ ಹಾರುವುದಿಲ್ಲ. ಟ್ರಾನ್ಸ್‌ಫಾರ್ಮರ್ ಒಂದು ಕಡೆ ತೆಗೆದುಕೊಂಡದ್ದನ್ನು ಅದೇ ಹೊತ್ತಿಗೆ ಇನ್ನೊಂದು ಕಡೆ ಕೊಡುತ್ತದೆ. ಕಾಯಿಲ್ ಮೊದಲು ತುಂಬಿಕೊಳ್ಳುತ್ತದೆ, ಆಮೇಲೆ ಖಾಲಿಯಾಗುತ್ತದೆ. ಅದರ ಕಾಂತಪಥದಲ್ಲಿ ಒಂದು ಸಣ್ಣ ಗಾಳಿಯ ಅಂತರ ಬೇಕೆಂದೇ ಬಿಟ್ಟಿರುತ್ತಾರೆ. ಕಬ್ಬಿಣ ಬೇಗ ತುಂಬಿ ತುಳುಕದಂತೆ ಅದು ನೋಡಿಕೊಳ್ಳುತ್ತದೆ, ಕೂಡಿಟ್ಟ ಶಕ್ತಿಯ ಬಹುಪಾಲು ನಿಲ್ಲುವುದೂ ಆ ಅಂತರದಲ್ಲೇ.

ಪ್ಲಗ್ಗಿನ ಗ್ಯಾಪ್ 1 ಮಿಲಿಮೀಟರೂ ಇಲ್ಲ. ಅದಕ್ಕೆ ಅಷ್ಟು ವೋಲ್ಟೇಜ್ ಬೇಕಾ?

ತೆರೆದ ಗಾಳಿಯಲ್ಲಿ ಬೇಡ. ಅಲ್ಲಿ ಮಿಲಿಮೀಟರಿಗೆ ಸುಮಾರು 3 ಸಾವಿರ ವೋಲ್ಟ್ ಸಾಕು, 0.7 ಮಿಲಿಮೀಟರ್ ಗ್ಯಾಪಿಗೆ ಎರಡರಿಂದ ಮೂರು ಸಾವಿರದ ಆಸುಪಾಸು. ಸಿಲಿಂಡರಿನೊಳಗೆ ಕಿಡಿ ಬೀಳುವ ಹೊತ್ತಿಗೆ ಪಿಸ್ಟನ್ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒತ್ತಿ ದಟ್ಟ ಮಾಡಿರುತ್ತದೆ. ಅನಿಲ ದಟ್ಟವಾದಷ್ಟೂ ಕಿಡಿ ಹಾರುವುದು ಕಷ್ಟ. ಐಡ್ಲಿಂಗ್‌ನಲ್ಲಿ ಸುಮಾರು 8ರಿಂದ 12 ಸಾವಿರ ವೋಲ್ಟ್ ಸಾಕಾದರೆ, ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ 20 ಸಾವಿರ ದಾಟಬಹುದು. ಸಮತಟ್ಟಿನಲ್ಲಿ ಚೆನ್ನಾಗಿ ಓಡುವ ಗಾಡಿ ಘಾಟಿ ಹತ್ತುವಾಗ ಮಾತ್ರ ಮಿಸ್ ಹೊಡೆದರೆ ಮೊದಲು ಇಗ್ನಿಷನ್ ನೋಡಬೇಕಾದ್ದು ಇದಕ್ಕೇ.

ಕಾಯಿಲ್ ಶಾಕ್ ಹೊಡೆದ್ರೆ ಜೀವಕ್ಕೆ ಅಪಾಯ ಇದೆಯಾ?

ವೋಲ್ಟೇಜ್ ಭಾರಿ, ಆದರೆ ಒಂದು ಕಿಡಿಯ ಶಕ್ತಿ 50ರಿಂದ 100 ಮಿಲಿಜೂಲ್ ಮಾತ್ರ. ಆರೋಗ್ಯವಂತರಿಗೆ ಸಾಮಾನ್ಯವಾಗಿ ಜೋರಾದ ಹೊಡೆತವಷ್ಟೇ ಆಗುತ್ತದೆ. ನಿಜವಾದ ಅಪಾಯ ಆ ಹೊಡೆತಕ್ಕೆ ಕೈ ಎಳೆದುಕೊಂಡಾಗ ಫ್ಯಾನಿಗೋ ಬೆಲ್ಟಿಗೋ ಸಿಕ್ಕಿಹಾಕಿಕೊಳ್ಳುವುದು. ಪೇಸ್‌ಮೇಕರ್ ಇರುವವರು ಓಡುತ್ತಿರುವ ಎಂಜಿನ್ನಿನ ಇಗ್ನಿಷನ್ ಮುಟ್ಟಲೇಬಾರದು, ಹತ್ತಿರ ಬಗ್ಗಿ ನೋಡುವುದೂ ಬೇಡ.

ಇದನ್ನ ಕಂಡುಹಿಡಿದವರು ಯಾರು?

ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ ವಿದ್ಯುತ್ಕಾಂತೀಯ ಪ್ರೇರಣೆ ಇದರ ಬೇರು. ಐರ್ಲೆಂಡಿನ ಮೇನೂತ್‌ನಲ್ಲಿ ಪಾದ್ರಿಯೂ ಪ್ರಾಧ್ಯಾಪಕರೂ ಆಗಿದ್ದ ನಿಕೋಲಸ್ ಕ್ಯಾಲನ್ 1836ರಲ್ಲಿ ಇಂಡಕ್ಷನ್ ಕಾಯಿಲ್ ಕಟ್ಟಿದರು. ಬ್ಯಾಟರಿಯಿಲ್ಲದೆ ಕಿಡಿ ಕೊಡುವ ಬಾಷ್ ಕಂಪನಿಯ ಹೈ-ವೋಲ್ಟೇಜ್ ಮ್ಯಾಗ್ನೆಟೊ 1902ರದು. ಬ್ಯಾಟರಿ, ಕಾಯಿಲ್, ಪಾಯಿಂಟ್ ಜೋಡಿಯನ್ನು ಕಾರಿಗೆ ಒಗ್ಗಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್, 1910ರ ಆಸುಪಾಸಿನಲ್ಲಿ, ಕ್ಯಾಡಿಲಾಕ್ ಕಾರಿಗಾಗಿ. ನಮ್ಮಲ್ಲಿ ಬೆಂಗಳೂರಿನ ಆಡುಗೋಡಿಯ ಮೈಕೊ, ಅಂದರೆ ಇವತ್ತಿನ ಬಾಷ್ ಲಿಮಿಟೆಡ್, ಸ್ಪಾರ್ಕ್ ಪ್ಲಗ್ಗನ್ನು ಮನೆಮಾತು ಮಾಡಿತು.

## ಪಾಯಿಂಟ್, ಕಂಡೆನ್ಸರ್ ಇರುವ ಹಳೆ ಗಾಡಿಗಳು

ಕಂಡೆನ್ಸರ್ ಹೋದ್ರೆ ಕಿಡಿನೇ ಬರಲ್ಲ ಅಂತಾರೆ. ಅಷ್ಟು ಸಣ್ಣ ಡಬ್ಬಿ ಏನು ಮಾಡುತ್ತೆ?

ಪಾಯಿಂಟ್ ತೆರೆಯತೊಡಗಿದಾಗ ನಡುವಿನ ಅಂತರ ಕೂದಲೆಳೆಯಷ್ಟು. ಹರಿಯುತ್ತಿದ್ದ ಕರೆಂಟ್ ನಿಲ್ಲಲು ಒಪ್ಪದೆ ಆ ಅಂತರದಲ್ಲೇ ಜಿಗಿಯುತ್ತದೆ. ಹಾಗೆ ಜಿಗಿಯುವಷ್ಟು ಹೊತ್ತೂ ಕರೆಂಟ್ ಹರಿಯುತ್ತಲೇ ಇರುತ್ತದೆ, ಕಾಂತಕ್ಷೇತ್ರ ನಿಧಾನವಾಗಿ ಕುಸಿಯುತ್ತದೆ, ಪ್ಲಗ್ಗಿಗೆ ಹೋಗಬೇಕಾದ ಶಕ್ತಿ ಪಾಯಿಂಟಿನಲ್ಲೇ ಸುಟ್ಟುಹೋಗುತ್ತದೆ. ಕಂಡೆನ್ಸರ್ ಆ ಕರೆಂಟಿಗೆ ಕ್ಷಣಕಾಲ ಬೇರೆ ದಾರಿ ಕೊಡುತ್ತದೆ. ಅದು ತುಂಬುವಷ್ಟರಲ್ಲಿ ಪಾಯಿಂಟ್ ಸಾಕಷ್ಟು ತೆರೆದಿರುತ್ತದೆ, ಆಮೇಲೆ ಜಿಗಿಯಲಾಗುವುದಿಲ್ಲ.

ಸಾಮಾನ್ಯ ಅಳತೆ 0.2ರಿಂದ 0.25 ಮೈಕ್ರೋಫ್ಯಾರಡ್. ಕೆಟ್ಟಿದೆಯೋ ಇಲ್ಲವೋ ನೋಡಲು ಪಾಯಿಂಟಿನ ಮುಚ್ಚಳ ತೆಗೆದು, ನೆರಳಿನಲ್ಲಿ ನಿಂತು ಕಿಕ್ ಹೊಡೆಸಿ. ಪಾಯಿಂಟಿನಲ್ಲಿ ಚುಕ್ಕಿಯಷ್ಟು ಕಿಡಿ ಸಹಜ. ನೀಲಿ ಬೆಂಕಿ ಚಟಪಟ ಹಾರಿದರೆ ಕಂಡೆನ್ಸರ್ ಬದಲಿಸಿ. ಅದರ ಅರ್ಥ್ ಸ್ಕ್ರೂ ಸಡಿಲವಿದ್ದರೂ ಇದೇ ಲಕ್ಷಣ ಕಾಣುತ್ತದೆ, ಹೊಸದು ತರುವ ಮೊದಲು ಸ್ಕ್ರೂ ಬಿಗಿ ಮಾಡಿ ನೋಡಿ. ಕಂಡೆನ್ಸರ್ ಒಳಗೇ ಶಾರ್ಟ್ ಆಗಿದ್ದರೆ ಪಾಯಿಂಟ್ ಸದಾ ಮುಚ್ಚಿದಂತೆ ಆಗಿ ಕಿಡಿ ಪೂರ್ತಿ ನಿಲ್ಲುತ್ತದೆ.

ಪಾಯಿಂಟ್ ಗ್ಯಾಪ್ ಸ್ವಲ್ಪ ಜಾಸ್ತಿ ಇಟ್ರೆ ಕಿಡಿ ಜೋರಾಗುತ್ತಾ?

ಇಲ್ಲ, ಕಡಿಮೆಯಾಗುತ್ತದೆ. ಗ್ಯಾಪ್ ಹೆಚ್ಚಿದರೆ ಪಾಯಿಂಟ್ ಮುಚ್ಚಿರುವ ಕಾಲ ಕುಗ್ಗುತ್ತದೆ, ಕಾಯಿಲ್ ಪೂರ್ತಿ ತುಂಬುವುದಿಲ್ಲ, ವೇಗದಲ್ಲಿ ಎಂಜಿನ್ ಮಿಸ್ ಹೊಡೆಯುತ್ತದೆ. ಗ್ಯಾಪ್ ತೀರಾ ಕಡಿಮೆಯಾದರೆ ಪಾಯಿಂಟ್ ಸುಡುತ್ತದೆ, ಸ್ಟಾರ್ಟ್ ಮಾಡುವುದು ಕಷ್ಟ. ಎರಡರಲ್ಲೂ ಟೈಮಿಂಗ್ ಸರಿಯುತ್ತದೆ: ಗ್ಯಾಪ್ ಹೆಚ್ಚಿದರೆ ಕಿಡಿ ಬೇಗ, ಕಡಿಮೆಯಾದರೆ ತಡ. ಆದ್ದರಿಂದ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಗ್ಯಾಪ್ ಅಳೆಯುವ ಫೀಲರ್ ಗೇಜ್ ಎಣ್ಣೆಯಿಲ್ಲದಂತೆ ಒರೆಸಿ ಹಾಕಿ. ಪಾಯಿಂಟಿನ ಮೇಲೆ ಎಣ್ಣೆಯ ಪಸೆ ಉಳಿದರೆ ಅದೇ ಸುಟ್ಟು ಕಪ್ಪು ಪದರವಾಗುತ್ತದೆ.

ಕೀ ಆನ್‌ನಲ್ಲೇ ಮರೆತು ಬಿಟ್ರೆ ಕಾಯಿಲ್ ಸುಟ್ಟು ಹೋಗುತ್ತಾ?

ಪಾಯಿಂಟ್ ಗಾಡಿಯಲ್ಲಿ ಹೋಗಬಹುದು. ಎಂಜಿನ್ ನಿಂತಾಗ ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿದ್ದರೆ 3 ಓಮ್‌ನ ಕಾಯಿಲ್‌ನಲ್ಲಿ 4 ಆಂಪಿಯರ್ ನಿರಂತರ ಹರಿಯುತ್ತದೆ, ಅಂದರೆ 48 ವ್ಯಾಟ್ ಬಿಸಿ ಒಂದು ಮುಚ್ಚಿದ ಡಬ್ಬಿಯೊಳಗೆ. ಡಬ್ಬಿ ಉಬ್ಬುವುದು, ಎಣ್ಣೆ ಸೋರುವುದು, ಮೇಲಿನ ಕಪ್ಪು ತಲೆ ಬಿರುಕು ಬಿಡುವುದು ಹೀಗೇ. ಪಾಯಿಂಟ್ ತೆರೆದು ನಿಂತಿದ್ದರೆ ಕಾಯಿಲ್‌ಗೆ ಏನೂ ಆಗುವುದಿಲ್ಲ. ಆದರೆ ಅದು ಹೇಗೆ ನಿಂತಿದೆ ಎಂದು ಹೊರಗಿನಿಂದ ತಿಳಿಯದು. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇರುವ ಗಾಡಿಗಳಲ್ಲಿ ಎಂಜಿನ್ ತಿರುಗದಿದ್ದರೆ ಇಸಿಯುವೇ ಕರೆಂಟ್ ಕಡಿಯುತ್ತದೆ.

6 ವೋಲ್ಟ್ ಜಾವಾ, ಯೆಜ್ಡಿಗೆ 12 ವೋಲ್ಟ್ ಕಾಯಿಲ್ ಹಾಕಬಹುದಾ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳನ್ನು ಇಂದಿಗೂ ಪ್ರೀತಿಯಿಂದ ಓಡಿಸುವವರು ಬಹಳ, ಹಾಗಾಗಿ ಈ ಪ್ರಶ್ನೆಯೂ ನಿಲ್ಲುವುದಿಲ್ಲ. ಬ್ಯಾಟರಿ 6 ವೋಲ್ಟ್ ಇದ್ದರೆ ಹಾಕಬೇಡಿ. 3 ಓಮ್ ಪ್ರೈಮರಿ ಇರುವ 12 ವೋಲ್ಟ್ ಕಾಯಿಲ್‌ಗೆ 4 ಆಂಪಿಯರ್ ಬೇಕು, 6 ವೋಲ್ಟ್‌ನಲ್ಲಿ ಸಿಗುವುದು 2 ಆಂಪಿಯರ್. ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ ಕಾಯಿಲ್ ತನ್ನ ಸಾಮರ್ಥ್ಯದ ಕಾಲುಭಾಗ ಮಾತ್ರ ಕೊಡುತ್ತದೆ. ತಣ್ಣಗಿರುವಾಗ ಹೇಗೋ ಸ್ಟಾರ್ಟ್ ಆದೀತು, ಭಾರ ಬಿದ್ದಾಗ ಕೈಕೊಡುತ್ತದೆ.

ಗಾಡಿಯನ್ನೇ 12 ವೋಲ್ಟ್‌ಗೆ ಬದಲಿಸಿದ್ದರೆ ಹಳೆಯ 6 ವೋಲ್ಟ್ ಕಾಯಿಲ್ ಉಳಿಸಬೇಡಿ. ಒಂದೂವರೆ ಓಮ್‌ನ ಕಾಯಿಲ್‌ಗೆ 12 ವೋಲ್ಟ್ ಕೊಟ್ಟರೆ 8 ಆಂಪಿಯರ್, ಮೊದಲು ಪಾಯಿಂಟ್ ಸುಡುತ್ತದೆ, ಹಿಂದೆಯೇ ಕಾಯಿಲ್.

ಕಾಯಿಲ್ ಮೇಲೆ 'ರೆಸಿಸ್ಟರ್ ಜೊತೆ ಬಳಸಿ' ಅಂತ ಬರೆದಿದೆ. ರೆಸಿಸ್ಟರ್ ಬಿಟ್ಟರೆ ಏನಾಗುತ್ತೆ?

ಬೇಗ ಸುಡುತ್ತದೆ. ಇದು ಬ್ಯಾಲಾಸ್ಟ್ ಕಾಯಿಲ್, ಪ್ರೈಮರಿ ಸುಮಾರು ಒಂದೂವರೆ ಓಮ್. ಇನ್ನೊಂದು ಒಂದೂವರೆ ಓಮ್ ಹೊರಗಿನ ರೆಸಿಸ್ಟರಿನಲ್ಲಿ ಇರುತ್ತದೆ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿ 9-10 ವೋಲ್ಟ್‌ಗೆ ಇಳಿಯುತ್ತದೆ, ಆಗ ಮಾತ್ರ ರೆಸಿಸ್ಟರನ್ನು ಬದಿಗಿಟ್ಟು ಕಾಯಿಲ್‌ಗೆ ನೇರ ಕರೆಂಟ್ ಹೋಗುವಂತೆ ವೈರಿಂಗ್ ಇರುತ್ತದೆ. ಎಂಜಿನ್ ಸ್ಟಾರ್ಟ್ ಆಗಿ, ಕೀ ಬಿಟ್ಟ ಕೂಡಲೇ ಆಫ್ ಆದರೆ ರೆಸಿಸ್ಟರ್ ತುಂಡಾಗಿದೆ ಎಂದು ತಿಳಿಯಿರಿ.

## ಸಿಡಿಐ ಮತ್ತು ಈಗಿನ ಕಾಯಿಲ್‌ಗಳು

ಸಿಡಿಐ ಅಂದ್ರೆ ಏನು? ಅದರ ಕಾಯಿಲ್ ಬೇರೆನಾ?

ಸಿಡಿಐ ಅಂದರೆ ಕೆಪಾಸಿಟರ್ ಡಿಸ್ಚಾರ್ಜ್ ಇಗ್ನಿಷನ್. ಕಾಯಿಲ್ ಬೇರೆಯೇ. ಸಿಡಿಐನಲ್ಲಿ ಶಕ್ತಿ ಕೂಡಿಡುವುದು ಕಾಯಿಲ್ ಅಲ್ಲ, ಸಿಡಿಐ ಡಬ್ಬಿಯೊಳಗಿನ ಕೆಪಾಸಿಟರ್. ಸುಮಾರು 1 ಮೈಕ್ರೋಫ್ಯಾರಡ್‌ನ ಕೆಪಾಸಿಟರನ್ನು 200-300 ವೋಲ್ಟ್‌ಗೆ ತುಂಬಿಸಿ, ಪಲ್ಸರ್ ಕಾಯಿಲ್ (ಕಿಡಿಯ ಹೊತ್ತು ತಿಳಿಸುವ ಸಣ್ಣ ಕಾಯಿಲ್) ಸೂಚನೆ ಕೊಟ್ಟ ಕ್ಷಣ ಎಸ್‌ಸಿಆರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಮೂಲಕ ಇಗ್ನಿಷನ್ ಕಾಯಿಲ್‌ಗೆ ಸುರಿಯುತ್ತದೆ. ಇಲ್ಲಿ ಕಾಯಿಲ್ ನಿಜಕ್ಕೂ ಟ್ರಾನ್ಸ್‌ಫಾರ್ಮರ್ ಆಗಿ ಕೆಲಸ ಮಾಡುತ್ತದೆ. ವೋಲ್ಟೇಜ್ ಬಹಳ ಬೇಗ ಏರುವುದರಿಂದ ಎಣ್ಣೆ, ಮಸಿ ಹಿಡಿದ ಪ್ಲಗ್ಗಿನಲ್ಲೂ ಕಿಡಿ ಬೀಳುತ್ತದೆ, ಟು-ಸ್ಟ್ರೋಕ್ ಗಾಡಿಗಳಿಗೆ ಅದು ಒಗ್ಗಿದ್ದು ಇದಕ್ಕೇ. ಆದರೆ ಆ ಕಿಡಿ ತೀರಾ ಕ್ಷಣಿಕ, ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ಮಾಮೂಲಿ ಕಾಯಿಲ್‌ನ ಕಿಡಿ 1ರಿಂದ 2 ಮಿಲಿಸೆಕೆಂಡ್ ಉರಿಯುತ್ತದೆ, ತೆಳು ಮಿಶ್ರಣಕ್ಕೆ ಅದೇ ವಾಸಿ.

ಸಿಡಿಐ ಕಾಯಿಲ್‌ನ ಪ್ರೈಮರಿ 1 ಓಮ್‌ಗಿಂತ ಕಡಿಮೆ ಇರುತ್ತದೆ. ನೋಡಲು ಒಂದೇ ಥರ ಇದೆಯೆಂದು ಅದನ್ನು ಪಾಯಿಂಟ್ ಗಾಡಿಗೆ ಹಾಕಿದರೆ 12 ಆಂಪಿಯರ್ ಮೀರಿ ಹರಿದು ಪಾಯಿಂಟ್ ಕರಗುತ್ತದೆ. ಗುಜರಿ ಅಂಗಡಿಯಿಂದ ತಂದ ಕಾಯಿಲ್ ಹಾಕುವ ಮೊದಲು ಮೀಟರ್ ಹಿಡಿಯುವುದು ಕಡ್ಡಾಯ.

ಹೊಸ ಕಾರಲ್ಲಿ ಪ್ಲಗ್ ವೈರೇ ಇಲ್ಲ. ಪ್ರತಿ ಪ್ಲಗ್ಗಿಗೂ ಒಂದೊಂದು ಕಾಯಿಲ್ ಯಾಕೆ?

ಕಾಲ ಸಿಗುತ್ತದೆ, ಅದೇ ಮುಖ್ಯ. ನಾಲ್ಕು ಸಿಲಿಂಡರಿಗೆ ಒಂದೇ ಕಾಯಿಲ್ ಇದ್ದರೆ 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200 ಕಿಡಿ ಕೊಡಬೇಕು, ಎರಡು ಕಿಡಿಗಳ ನಡುವೆ 5 ಮಿಲಿಸೆಕೆಂಡ್. ಪ್ರತಿ ಸಿಲಿಂಡರಿಗೂ ಸ್ವಂತ ಕಾಯಿಲ್ ಇದ್ದರೆ 20 ಮಿಲಿಸೆಕೆಂಡ್. ಡಿಸ್ಟ್ರಿಬ್ಯೂಟರ್ (ಒಂದೇ ಕಾಯಿಲ್‌ನ ಕಿಡಿಯನ್ನು ಪ್ಲಗ್ಗುಗಳಿಗೆ ಸರದಿಯಂತೆ ಹಂಚುವ ಭಾಗ), ಅದರೊಳಗೆ ತಿರುಗುವ ರೋಟರ್, ಉದ್ದದ ವೈರು ಯಾವುದೂ ಇಲ್ಲದ್ದರಿಂದ ಸೋರಿಕೆಯ ಜಾಗಗಳೂ ಕಡಿಮೆ. ಬೆಲೆ ತೆರಬೇಕಾದ್ದು ಬಿಸಿಯಲ್ಲಿ. ಕಾಯಿಲ್ ಎಂಜಿನ್ನಿನ ತಲೆಯ ಮೇಲೇ ಕೂತಿರುತ್ತದೆ.

ಕಾಯಿಲ್‌ನಲ್ಲಿ 2 ಪಿನ್, 3 ಪಿನ್, 4 ಪಿನ್ ಅಂತ ಇರುತ್ತಲ್ಲ, ಏನು ವ್ಯತ್ಯಾಸ?

2 ಪಿನ್ ಇದ್ದರೆ ಪ್ರೈಮರಿಯ ಎರಡು ತುದಿ ಮಾತ್ರ, ಕರೆಂಟ್ ಕಡಿಯುವ ಟ್ರಾನ್ಸಿಸ್ಟರ್ ಇಸಿಯುವಿನಲ್ಲಿದೆ. 3 ಪಿನ್ ಇದ್ದರೆ ಸಾಮಾನ್ಯವಾಗಿ 12 ವೋಲ್ಟ್, ಅರ್ಥ್, ಟ್ರಿಗರ್ (ಇಸಿಯುವಿನ ಸೂಚನೆ ಬರುವ ಪಿನ್). ಟ್ರಾನ್ಸಿಸ್ಟರ್ ಕಾಯಿಲ್‌ನ ಒಳಗೇ ಇರುತ್ತದೆ. 4 ಪಿನ್ ಇರುವವುಗಳಲ್ಲಿ ಹಲವಕ್ಕೆ ಕಿಡಿ ಬಿತ್ತೆಂದು ಇಸಿಯುಗೆ ಮರಳಿ ಹೇಳುವ ವೈರ್ ಇನ್ನೊಂದು. 3 ಮತ್ತು 4 ಪಿನ್ನಿನವಕ್ಕೆ ಟ್ರಿಗರ್ ಪಿನ್ನಿಗೆ ನೇರ 12 ವೋಲ್ಟ್ ಕೊಟ್ಟು ಪರೀಕ್ಷಿಸಬೇಡಿ, ಒಳಗಿನ ಸರ್ಕ್ಯೂಟ್ ಹೋಗಬಹುದು.

ಒಂದು ಕಾಯಿಲ್‌ಗೆ ಎರಡು ಪ್ಲಗ್ ವೈರ್ ಇದೆ. ಬೇಡದ ಸಿಲಿಂಡರಲ್ಲೂ ಕಿಡಿ ಬೀಳುತ್ತಲ್ಲ?

ಬೀಳುತ್ತದೆ, ತೊಂದರೆಯಿಲ್ಲ. 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಒಂದು ಕಂಪ್ರೆಷನ್‌ನಲ್ಲಿರುವಾಗ ಜೊತೆಯದು ಎಕ್ಸಾಸ್ಟ್‌ನಲ್ಲಿರುತ್ತದೆ. ಅಲ್ಲಿ ಒತ್ತಡ ಕಡಿಮೆ, ಕೆಲವೇ ಸಾವಿರ ವೋಲ್ಟ್‌ಗೆ ಕಿಡಿ ಹಾರಿಬಿಡುತ್ತದೆ. ಇಲ್ಲಿ ಎರಡು ಪ್ಲಗ್ಗುಗಳೂ ಒಂದೇ ಸರ್ಕ್ಯೂಟಿನ ಭಾಗ, ಆದ್ದರಿಂದ ಒಂದರ ವೈರ್ ತುಂಡಾದರೆ ಎರಡೂ ಸಿಲಿಂಡರ್ ಮಿಸ್ ಹೊಡೆಯಬಹುದು. ಒಂದು ಪ್ಲಗ್ಗಿನ ನಡುವಿನ ಕಡ್ಡಿ ಹೆಚ್ಚು ಸವೆದು, ಇನ್ನೊಂದರ ಹೊರಗಿನ ಕೊಕ್ಕೆ ಹೆಚ್ಚು ಸವೆದಿದ್ದರೂ ಅದು ದೋಷವಲ್ಲ. ಎರಡರಲ್ಲೂ ಕರೆಂಟ್ ಎದುರು ದಿಕ್ಕಿನಲ್ಲಿ ಹರಿಯುತ್ತದೆ.

## ಪರೀಕ್ಷೆ ಮತ್ತು ದೋಷ

ಮಲ್ಟಿಮೀಟರ್‌ನಲ್ಲಿ ಕಾಯಿಲ್ ಹೇಗೆ ಚೆಕ್ ಮಾಡೋದು?

ಕೀ ಆಫ್ ಮಾಡಿ, ಕಾಯಿಲ್‌ನ ಎಲ್ಲ ವೈರ್ ಬಿಚ್ಚಿ. ಮೊದಲು ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿ. ಅಲ್ಲೇ 0.2-0.5 ಓಮ್ ತೋರಿಸುತ್ತದೆ, ಅದನ್ನು ಕಳೆಯಬೇಕು. ಅರ್ಧ ಓಮ್‌ನ ಕಾಯಿಲ್ ಅಳೆಯುವಾಗ ಈ ಕಳೆಯುವಿಕೆ ಮರೆತರೆ ಲೆಕ್ಕವೆಲ್ಲ ತಪ್ಪು.

ಪ್ರೈಮರಿಗೆ ಎರಡು ಸಣ್ಣ ಟರ್ಮಿನಲ್‌ಗಳ ನಡುವೆ ಅಳೆಯಿರಿ. ಬಾಷ್ ಗುರುತಿನಲ್ಲಿ ಅವು 15 ಮತ್ತು 1. ಪಾಯಿಂಟ್ ಕಾಯಿಲ್‌ಗೆ ಸುಮಾರು 3 ಓಮ್, ಬ್ಯಾಲಾಸ್ಟ್‌ನದಕ್ಕೆ 1.5, ಈಗಿನವಕ್ಕೆ 0.4ರಿಂದ 1. ಸೆಕೆಂಡರಿಗೆ ಮೀಟರನ್ನು 20 ಕಿಲೋ ಓಮ್‌ಗೆ ತಿರುಗಿಸಿ, ಎಚ್‌ಟಿ (ಹೈ-ಟೆನ್ಷನ್, ಪ್ಲಗ್ ವೈರ್ ಕೂರುವ) ಟರ್ಮಿನಲ್ ಅಂದರೆ 4 ಮತ್ತು 1ರ ನಡುವೆ ಅಳೆಯಿರಿ. ಹೆಚ್ಚಿನವುಗಳಲ್ಲಿ 6ರಿಂದ 15 ಕಿಲೋ ಓಮ್ ಬರಬೇಕು. ಬೈಕಿನಲ್ಲಿ ಪ್ಲಗ್ ಕ್ಯಾಪನ್ನು ತಿರುಗಿಸಿ ಬಿಚ್ಚಿ, ಅದನ್ನು ಬೇರೆಯಾಗಿ ಅಳೆಯಿರಿ. ರೆಸಿಸ್ಟರ್ ಕ್ಯಾಪಿಗೆ ಸಾಮಾನ್ಯವಾಗಿ 5 ಕಿಲೋ ಓಮ್. ಕಾಯಿಲ್ ಸತ್ತಿದೆ ಎಂದು ಬದಲಿಸಿದ ಎಷ್ಟೋ ಬೈಕುಗಳಲ್ಲಿ ಕ್ಯಾಪಿನ ರೆಸಿಸ್ಟರ್ ಮಾತ್ರ ತುಂಡಾಗಿರುತ್ತದೆ.

ಒಳಗೆ ಟ್ರಾನ್ಸಿಸ್ಟರ್ ಇರುವ ಕಾಯಿಲ್‌ನ ಪ್ರೈಮರಿ ಹೀಗೆ ಅಳೆಯಲಾಗದು. ಸೆಕೆಂಡರಿಯಲ್ಲಿ ಡಯೋಡ್ ಇದ್ದರೆ ಅದೂ ಓಪನ್ ಎಂದೇ ತೋರಿಸುತ್ತದೆ, ಹಾಗೆಂದು ಎಸೆಯಬೇಡಿ.

ಮೀಟರಲ್ಲಿ ಸರಿ ತೋರಿಸುತ್ತೆ, ಆದ್ರೆ ಗಾಡಿ ಬಿಸಿಯಾದ ಮೇಲೆ ನಿಲ್ಲುತ್ತೆ. ತಣ್ಣಗಾದ್ರೆ ಮತ್ತೆ ಸ್ಟಾರ್ಟ್. ಕಾಯಿಲ್ಲಾ?

ಇರಬಹುದು. ಮೀಟರ್ ಒಂದೆರಡು ವೋಲ್ಟ್‌ನಲ್ಲಿ ಅಳೆಯುತ್ತದೆ, ಸುತ್ತುಗಳ ನಡುವಿನ ಇನ್ಸುಲೇಷನ್ ಸೋತು ಶಾರ್ಟ್ ಆಗುವುದು ಸಾವಿರಾರು ವೋಲ್ಟ್‌ನಲ್ಲಿ. ಬಿಸಿಗೆ ತಂತಿ ಹಿಗ್ಗಿ ಬೆಸುಗೆ ಬಿಡುವುದೂ ಉಂಟು. ನಿಂತ ಕೂಡಲೇ, ತಣ್ಣಗಾಗಲು ಬಿಡದೆ, ಕಿಡಿ ನೋಡಿ. ಓಮ್ ಅಳೆಯುವುದಾದರೂ ಆಗಲೇ ಅಳೆಯಿರಿ. ತಾಮ್ರದ ರೆಸಿಸ್ಟೆನ್ಸ್ ಡಿಗ್ರಿಗೆ ಶೇಕಡ 0.4ರಷ್ಟು ಏರುವುದರಿಂದ 25 ಡಿಗ್ರಿಯಲ್ಲಿ 3 ಓಮ್ ಇದ್ದದ್ದು 80 ಡಿಗ್ರಿಯಲ್ಲಿ 3.6 ತೋರಿಸುವುದು ಸಹಜ. ಓಪನ್ ಆಗಿದ್ದರೆ ಮಾತ್ರ ದೋಷ.

ಇದೇ ಲಕ್ಷಣ ಕೊಡುವ ಇನ್ನೆರಡು ಇವೆ. ಒಂದು, ಬಿಸಿಗೆ ಕೈಕೊಡುವ ಪಲ್ಸರ್ ಕಾಯಿಲ್. ಇನ್ನೊಂದು, ಪೆಟ್ರೋಲ್ ಟ್ಯಾಂಕ್ ಮುಚ್ಚಳದ ಗಾಳಿಯ ತೂತು ಕಟ್ಟಿಕೊಂಡಿರುವುದು. ಗಾಡಿ ನಿಂತಾಗ ಮುಚ್ಚಳ ತೆರೆಯಿರಿ. ಸುಯ್ ಎಂದು ಗಾಳಿ ಒಳಗೆ ಎಳೆದುಕೊಂಡು ಆಮೇಲೆ ಸ್ಟಾರ್ಟ್ ಆದರೆ ಕಾಯಿಲ್ ನಿರಪರಾಧಿ.

ಪ್ಲಗ್ ಬಿಚ್ಚಿ ಅರ್ಥ್‌ಗೆ ಹಿಡಿದ್ರೆ ಕಿಡಿ ಬರ್ತಿದೆ. ಅಂದ್ರೆ ಕಾಯಿಲ್ ಚೆನ್ನಾಗಿದೆ ಅಂತ ಅಲ್ವಾ?

ಅಷ್ಟಕ್ಕೇ ಹೇಳಲಾಗದು. ಹೊರಗೆ ಆ ಗ್ಯಾಪ್ ದಾಟಲು ಎರಡರಿಂದ ಮೂರು ಸಾವಿರ ವೋಲ್ಟ್ ಸಾಕು, ಅರ್ಧ ಸತ್ತ ಕಾಯಿಲ್ ಕೂಡ ಅಷ್ಟು ಕೊಡುತ್ತದೆ. ಗ್ಯಾಪ್ ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್ ತಂದು 6-7 ಮಿಲಿಮೀಟರಿಗೆ ಇಡಿ. ಅಲ್ಲಿ ನೀಲಿ-ಬಿಳಿ ಕಿಡಿ ಚಟ್ ಚಟ್ ಎಂದು ತಪ್ಪದೆ ಹಾರಿದರೆ ಕಾಯಿಲ್ ಗಟ್ಟಿ. ತೆಳುವಾಗಿ ಕಿತ್ತಳೆ ಬಣ್ಣದಲ್ಲಿ ಬಿಟ್ಟು ಬಿಟ್ಟು ಬಂದರೆ ಅನುಮಾನಿಸಿ.

ಟೆಸ್ಟರಿನ ಕ್ಲಿಪ್ಪನ್ನು ಲೋಹಕ್ಕೆ ಗಟ್ಟಿಯಾಗಿ ಹಾಕಿ, ಪ್ಲಗ್ ಬಿಚ್ಚಿದ ತೂತಿನಿಂದ ದೂರ ಇಡಿ. ಆ ತೂತಿನಿಂದ ಪೆಟ್ರೋಲ್ ಆವಿ ಬರುತ್ತದೆ. ಇಂಜೆಕ್ಷನ್ ಗಾಡಿಯಾದರೆ ಇಂಜೆಕ್ಟರ್ ಕನೆಕ್ಟರ್ ಬಿಚ್ಚಿಡಿ. ಓಡುತ್ತಿರುವ ಎಂಜಿನ್ನಿನ ಪ್ಲಗ್ ಕ್ಯಾಪ್ ಎಳೆದು ನೋಡುವ ಹಳೆಯ ಅಭ್ಯಾಸವನ್ನು ಈಗಿನ ಗಾಡಿಗಳಲ್ಲಿ ದಯವಿಟ್ಟು ಬಿಡಿ. ಕಿಡಿಗೆ ದಾರಿ ಸಿಗದಿದ್ದರೆ ವೋಲ್ಟೇಜ್ ಕಾಯಿಲ್‌ನ ಇನ್ಸುಲೇಷನ್ ಸೀಳಿಯೋ ಟ್ರಾನ್ಸಿಸ್ಟರ್ ಸುಟ್ಟೋ ದಾರಿ ಮಾಡಿಕೊಳ್ಳುತ್ತದೆ.

ಮಳೆಗಾಲದಲ್ಲಿ ಮಾತ್ರ ಮಿಸ್ ಹೊಡೆಯುತ್ತೆ. ಕಾಯಿಲ್ ಬದಲಿಸಬೇಕಾ?

ಮೊದಲು ವೈರ್, ಕ್ಯಾಪ್, ಬೂಟ್ (ಪ್ಲಗ್ಗಿನ ಮೇಲೆ ಕೂರುವ ರಬ್ಬರ್ ಕವಚ) ನೋಡಿ. ಮಲೆನಾಡಿನ ಜಡಿಮಳೆಯಲ್ಲಿ ಕ್ಯಾಪಿನ ಕಣ್ಣಿಗೆ ಕಾಣದ ಬಿರುಕಿಗೆ ನೀರು ಇಳಿದರೆ ಸಾಕು, ಪ್ಲಗ್ಗಿಗಿಂತ ಸುಲಭದ ದಾರಿ ಕರೆಂಟಿಗೆ ಸಿಕ್ಕಿತು. ಕತ್ತಲಲ್ಲಿ ಎಂಜಿನ್ ಓಡಿಸಿ, ಹೂವಿಗೆ ನೀರು ಚಿಮುಕಿಸುವ ಬಾಟಲಿಯಿಂದ ಮಂಜಿನಂತೆ ಸಿಂಪಡಿಸಿ. ಸೋರುವ ಕಡೆ ನೀಲಿ ಎಳೆ ಕಾಣುತ್ತದೆ, ಟಿಕ್ ಟಿಕ್ ಸದ್ದು ಕೇಳುತ್ತದೆ. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೋ ಕ್ಯಾಪಿನ ಒಳಗೋ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಇದ್ದರೆ ಅದು ಕಿಡಿ ಓಡಾಡಿದ ಕಾರ್ಬನ್ ದಾರಿ. ಒರೆಸಿದರೆ ಹೋಗುವುದಿಲ್ಲ, ಆ ಭಾಗವನ್ನೇ ಬದಲಿಸಬೇಕು. ಹೊಸ ಬೂಟಿನ ಒಳಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ ಹಾಕಿ.

ಸ್ಕ್ಯಾನರಲ್ಲಿ ಪಿ0302 ಅಂತ ಬಂತು. ಎರಡನೇ ಕಾಯಿಲ್ ತರಲಾ?

ತರುವ ಮೊದಲು ಹತ್ತು ನಿಮಿಷದ ಕೆಲಸ ಮಾಡಿ. ಪಿ0302 ಹೇಳುವುದು ಎರಡನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂದಷ್ಟೇ, ಕಾರಣ ಹೇಳುವುದಿಲ್ಲ. ಎರಡನೆಯ ಕಾಯಿಲನ್ನು ಮೂರನೆಯದರ ಜೊತೆ ಅದಲು ಬದಲು ಮಾಡಿ, ಕೋಡ್ ಅಳಿಸಿ, ಓಡಿಸಿ. ಕೋಡ್ ಪಿ0303 ಆದರೆ ಕಾಯಿಲ್ ದೋಷ. ಪಿ0302 ಆಗಿಯೇ ಉಳಿದರೆ ಪ್ಲಗ್ ಅದಲು ಬದಲು ಮಾಡಿ. ಆಗಲೂ ಅಲ್ಲೇ ನಿಂತರೆ ಇಂಜೆಕ್ಟರ್, ವೈರಿಂಗ್, ಕಂಪ್ರೆಷನ್ ಕಡೆ ಹೋಗಿ. ಪಿ0352 ಬಂದಿದ್ದರೆ ಅದು ಎರಡನೇ ಕಾಯಿಲ್‌ನ ಸರ್ಕ್ಯೂಟಿನ ದೂರು, ಕನೆಕ್ಟರ್ ಮತ್ತು ವೈರ್ ಮೊದಲು ನೋಡಿ. ಮಿಸ್ ಹೊಡೆಯುತ್ತಿರುವ ಕಾರನ್ನು ಹಾಗೇ ದಿನಗಟ್ಟಲೆ ಓಡಿಸಬೇಡಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಕರಗಿಸುತ್ತದೆ, ಅದರ ಬೆಲೆಯ ಮುಂದೆ ಕಾಯಿಲ್ ಬೆಲೆ ಏನೂ ಅಲ್ಲ.

ಹೊಸ ಕಾಯಿಲ್ ಹಾಕಿ ಸ್ವಲ್ಪ ದಿನಕ್ಕೇ ಮತ್ತೆ ಹೋಯ್ತು. ಡೂಪ್ಲಿಕೇಟ್ ಮಾಲಾ?

ಮಾಲಿನ ಮೇಲೆ ಅನುಮಾನ ಪಡುವ ಮೊದಲು ಪ್ಲಗ್ ಬಿಚ್ಚಿ ಗ್ಯಾಪ್ ಅಳೆಯಿರಿ. 0.7 ಇರಬೇಕಾದ ಗ್ಯಾಪ್ ಸವೆದು 1.2 ಆಗಿದ್ದರೆ ಕಾಯಿಲ್ ಪ್ರತಿ ಕಿಡಿಗೂ ತನ್ನ ಮಿತಿಯವರೆಗೆ ಏರಬೇಕು, ಇನ್ಸುಲೇಷನ್ ದಿನೇ ದಿನೇ ದಣಿಯುತ್ತದೆ. ಹಳೆ ಪ್ಲಗ್ ಉಳಿಸಿ ಕಾಯಿಲ್ ಮಾತ್ರ ಬದಲಿಸುವುದು ನಮ್ಮಲ್ಲಿ ಅತಿ ಸಾಮಾನ್ಯ ತಪ್ಪು.

ಆಮೇಲೆ ಪ್ಲಗ್ ಬಾವಿಯೊಳಗೆ ಟಾರ್ಚ್ ಹಾಕಿ. ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಸೋರಿ ಎಣ್ಣೆ ಇಳಿದಿದ್ದರೆ ರಬ್ಬರ್ ಬೂಟ್ ಉಬ್ಬಿ ಮೆತ್ತಗಾಗಿ ಕಿಡಿ ಪಕ್ಕಕ್ಕೆ ಸೋರುತ್ತದೆ. ಚಾರ್ಜಿಂಗ್ ವೋಲ್ಟೇಜ್ 15 ದಾಟಿದೆಯೇ, ಎಂಜಿನ್ನಿನ ಅರ್ಥ್ ಪಟ್ಟಿ ಗಟ್ಟಿಯಿದೆಯೇ ನೋಡಿ. 2 ಪಿನ್ ಕಾಯಿಲ್ ಕೀ ಆನ್ ಮಾಡಿದ ತಕ್ಷಣ, ಎಂಜಿನ್ ತಿರುಗದೆಯೂ, ಬಿಸಿಯಾಗುತ್ತಿದ್ದರೆ ಇಸಿಯುವಿನ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆ ಅಥವಾ ಆ ವೈರ್ ಎಲ್ಲೋ ಅರ್ಥ್‌ಗೆ ತಗುಲಿದೆ. ಅದು ಸರಿಯಾಗದೆ ಎಷ್ಟು ಕಾಯಿಲ್ ಹಾಕಿದರೂ ಸುಡುತ್ತದೆ.

ಡಬ್ಬಿ ಕಾಯಿಲ್‌ನ ಪ್ಲಸ್, ಮೈನಸ್ ಉಲ್ಟಾ ಕೊಟ್ರೂ ಗಾಡಿ ಓಡುತ್ತೆ. ಹಾಗೇ ಬಿಡಬಹುದಾ?

ಬಿಡಬೇಡಿ. ಪ್ಲಗ್ಗಿನ ನಡುವಿನ ಕಡ್ಡಿ ನೆಗೆಟಿವ್ ಇರುವಂತೆ ಕಾಯಿಲ್ ಮಾಡಿರುತ್ತಾರೆ. ಆ ಕಡ್ಡಿ ಹೊರಗಿನ ಕೊಕ್ಕೆಗಿಂತ ಬಿಸಿ, ಬಿಸಿ ಲೋಹದಿಂದ ಎಲೆಕ್ಟ್ರಾನ್ ಸುಲಭವಾಗಿ ಹೊರಡುತ್ತದೆ. ಉಲ್ಟಾ ಆದರೆ ಅದೇ ಕಿಡಿಗೆ ಹೆಚ್ಚು ವೋಲ್ಟ್ ಬೇಕು. ಐಡ್ಲಿಂಗ್‌ನಲ್ಲಿ ಗೊತ್ತಾಗುವುದಿಲ್ಲ, ಏರಿನಲ್ಲಿ ಗೊತ್ತಾಗುತ್ತದೆ. ನೆಗೆಟಿವ್ ಅರ್ಥ್ ಗಾಡಿಯಲ್ಲಿ ಕಾಯಿಲ್‌ನ ಮೈನಸ್ ಪಾಯಿಂಟಿನ ಕಡೆಗೆ ಹೋಗಬೇಕು.

## ಇನ್ನೂ ಆಳಕ್ಕೆ

50-60 ಸಾವಿರ ವೋಲ್ಟ್‌ನ ಪರ್ಫಾರ್ಮೆನ್ಸ್ ಕಾಯಿಲ್ ಹಾಕಿದ್ರೆ ಮೈಲೇಜ್ ಬರುತ್ತಾ?

ಎಂಜಿನ್ ಮೂಲದಂತೆ ಇದ್ದು, ಪ್ಲಗ್ ಚೆನ್ನಾಗಿದ್ದರೆ ಬರುವುದಿಲ್ಲ. ಗ್ಯಾಪ್ 12 ಸಾವಿರ ವೋಲ್ಟ್‌ಗೆ ಒಡೆದರೆ ವೋಲ್ಟೇಜ್ ಅಲ್ಲಿಗೇ ನಿಲ್ಲುತ್ತದೆ, ಡಬ್ಬಿಯ ಮೇಲೆ 60 ಸಾವಿರ ಎಂದಿದ್ದರೂ ಅಷ್ಟೇ. ಗ್ಯಾಪ್ ಒಡೆದ ಮರುಕ್ಷಣ ಅದು ಸಾವಿರ ವೋಲ್ಟ್‌ಗಿಂತ ಕೆಳಗೆ ಇಳಿದು, ಉಳಿದ ಶಕ್ತಿ ಕಿಡಿಯನ್ನು ಉರಿಸಲು ಹೋಗುತ್ತದೆ. ಟರ್ಬೊ ಹಾಕಿದ, ಕಂಪ್ರೆಷನ್ ಹೆಚ್ಚಿಸಿದ ಎಂಜಿನ್ನಿಗೆ ಹೆಚ್ಚಿನ ಕಾಯಿಲ್ ಬೇಕಾಗುವುದು ನಿಜ. ದಿನಬಳಕೆಯ ಗಾಡಿಗೆ ಆ ಹಣದಲ್ಲಿ ಹೊಸ ಪ್ಲಗ್, ಕ್ಯಾಪ್, ಏರ್ ಫಿಲ್ಟರ್ ತರುವುದು ಒಳ್ಳೆಯದು.

ಒಂದು ಕಿಡಿಯ ಶಕ್ತಿ ಲೆಕ್ಕ ಹಾಕೋದು ಹೇಗೆ? ವೇಗದಲ್ಲಿ ಅದು ಯಾಕೆ ಕುಗ್ಗುತ್ತೆ?

ಇಂಡಕ್ಟನ್ಸ್ ಅನ್ನು ಕರೆಂಟಿನ ವರ್ಗದಿಂದ ಗುಣಿಸಿ ಅರ್ಧ ಮಾಡಿ. 8 ಮಿಲಿಹೆನ್ರಿ, 4 ಆಂಪಿಯರ್ ಆದರೆ 64 ಮಿಲಿಜೂಲ್. ಕರೆಂಟ್ ಏರುವ ವೇಗವನ್ನು ಇಂಡಕ್ಟನ್ಸ್ ಭಾಗಿಸು ರೆಸಿಸ್ಟೆನ್ಸ್ ತಿಳಿಸುತ್ತದೆ: 8 ಮಿಲಿಹೆನ್ರಿ, 3 ಓಮ್‌ಗೆ ಸುಮಾರು 2.7 ಮಿಲಿಸೆಕೆಂಡ್. ಅಷ್ಟು ಹೊತ್ತಿಗೆ ಕರೆಂಟ್ ಶೇಕಡ 63 ಮುಟ್ಟುತ್ತದೆ. ನಾಲ್ಕು ಸಿಲಿಂಡರಿನ ಪಾಯಿಂಟ್ ಕಾರಿನಲ್ಲಿ 6000 ಆರ್‌ಪಿಎಂಗೆ ಪಾಯಿಂಟ್ ಮುಚ್ಚಿರುವುದು 3.2 ಮಿಲಿಸೆಕೆಂಡ್‌ನ ಆಸುಪಾಸು. ಆಗ ಕರೆಂಟ್ ಶೇಕಡ 70ರಷ್ಟು ಮಾತ್ರ, ಶಕ್ತಿ ಅದರ ವರ್ಗ, ಅಂದರೆ ಅರ್ಧದಷ್ಟು. 1000 ಆರ್‌ಪಿಎಂನಲ್ಲಿ ಅದೇ ಕಾಯಿಲ್ ಪೂರ್ತಿ ತುಂಬುತ್ತದೆ.

ಇಸಿಯು ಡ್ವೆಲ್ ಬದಲಿಸುತ್ತೆ ಅಂತಾರೆ. ಎಷ್ಟು, ಯಾಕೆ?

ಡ್ವೆಲ್ ಅಂದರೆ ಕಡಿಯುವ ಮೊದಲು ಪ್ರೈಮರಿಯಲ್ಲಿ ಕರೆಂಟ್ ಹರಿಯುವ ಕಾಲ. ಬ್ಯಾಟರಿ ವೋಲ್ಟೇಜ್ ಎಷ್ಟೇ ಇರಲಿ, ಕಡಿಯುವ ಕ್ಷಣಕ್ಕೆ ಕರೆಂಟ್ ಒಂದೇ ಮಟ್ಟದಲ್ಲಿರಬೇಕು, ಅದಕ್ಕೆ. 3 ಮಿಲಿಹೆನ್ರಿ, ವೈರಿಂಗ್ ಸೇರಿ 0.6 ಓಮ್ ಇರುವ ಕಾಯಿಲ್ 7 ಆಂಪಿಯರ್ ಮುಟ್ಟಲು 14 ವೋಲ್ಟ್‌ನಲ್ಲಿ ಸುಮಾರು 1.8 ಮಿಲಿಸೆಕೆಂಡ್ ಸಾಕು, ಸ್ಟಾರ್ಟರ್ ಎಳೆಯುವಾಗಿನ 9 ವೋಲ್ಟ್‌ನಲ್ಲಿ 3.1 ಬೇಕು. ಕಡಿಮೆ ಕೊಟ್ಟರೆ ಕಿಡಿ ಬಡವಾಗುತ್ತದೆ. ಹೆಚ್ಚು ಕೊಟ್ಟರೆ ತಿರುಳು ತುಂಬಿದ ಮೇಲೂ ಕರೆಂಟ್ ಏರುತ್ತಲೇ ಹೋಗಿ ಕಾಯಿಲ್ ಮತ್ತು ಟ್ರಾನ್ಸಿಸ್ಟರ್ ಬಿಸಿಯಾಗುತ್ತವೆ. ಬೇರೆ ಗಾಡಿಯ ಕಾಯಿಲ್ ತಂದು ಕೂರಿಸುವವರು ಗಮನಿಸಬೇಕಾದ್ದು ಇದನ್ನೇ: ಕನೆಕ್ಟರ್ ಹೊಂದಿಕೊಂಡರೆ ಸಾಲದು, ಡ್ವೆಲ್ ಹೊಂದಬೇಕು.

ಕರೆಂಟ್ ಆನ್ ಆಗುವಾಗ ತಪ್ಪು ಕಿಡಿ ಬೀಳಲ್ವಾ?

ಆನ್ ಆದ ಕ್ಷಣ ಸೆಕೆಂಡರಿಯಲ್ಲಿ ಒಂದರಿಂದ ಎರಡು ಸಾವಿರ ವೋಲ್ಟ್ ಎದುರು ದಿಕ್ಕಿನಲ್ಲಿ ಏಳುತ್ತದೆ. ಡಿಸ್ಟ್ರಿಬ್ಯೂಟರ್ ಗಾಡಿಯಲ್ಲಿ ರೋಟರಿನ ಗಾಳಿಯ ಅಂತರ ಅದನ್ನು ತಡೆಯುತ್ತಿತ್ತು. ಪ್ಲಗ್ಗಿಗೇ ನೇರ ಕೂರುವ ಕಾಯಿಲ್‌ನಲ್ಲಿ ಆ ತಡೆ ಇಲ್ಲ, ಆಗಿನ್ನೂ ಸಿಲಿಂಡರಿನಲ್ಲಿ ಒತ್ತಡವೂ ಕಡಿಮೆ. ಅದಕ್ಕೇ ಹಲವು ಕಾಯಿಲ್‌ಗಳ ಸೆಕೆಂಡರಿಯಲ್ಲಿ ಹೈ-ವೋಲ್ಟೇಜ್ ಡಯೋಡ್ ಇಟ್ಟಿರುತ್ತಾರೆ. ಮೀಟರಿಗೆ ಸೆಕೆಂಡರಿ ಓಪನ್ ಎಂದು ಕಾಣುವುದು ಇದರಿಂದಲೇ.

ಎಲ್‌ಪಿಜಿ, ಸಿಎನ್‌ಜಿ ಹಾಕಿಸಿದ ಮೇಲೆ ಕಾಯಿಲ್ ಬೇಗ ಹೋಗ್ತಿದೆ. ಗ್ಯಾಸಿಗೂ ಕಾಯಿಲ್‌ಗೂ ಏನು ಸಂಬಂಧ?

ಸಂಬಂಧ ಇದೆ. ಗ್ಯಾಸ್ ಮಿಶ್ರಣದಲ್ಲಿ ಕಿಡಿ ಹಾರಿಸಲು ಪೆಟ್ರೋಲ್ ಮಿಶ್ರಣಕ್ಕಿಂತ ಹೆಚ್ಚು ವೋಲ್ಟ್ ಬೇಕು, ಸಿಎನ್‌ಜಿಯಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಪೆಟ್ರೋಲಿನಲ್ಲಿ ಸದ್ದಿಲ್ಲದೆ ನಡೆಯುತ್ತಿದ್ದ ಹಳೆ ಪ್ಲಗ್, ಬಿರುಕು ಬಿಟ್ಟ ವೈರು ಗ್ಯಾಸಿಗೆ ತಿರುಗಿಸಿದ ಕೂಡಲೇ ಮಿಸ್ ಹೊಡೆಯುವುದು ಹೀಗೆ. ಬೆಂಗಳೂರಿನಲ್ಲಿ ದಿನವಿಡೀ ಓಡುವ ಎಲ್‌ಪಿಜಿ ಆಟೋದವರಿಗೆ ಇದು ನಿತ್ಯದ ಮಾತು. ಕಿಟ್ ಕಂಪನಿಯ ಪುಸ್ತಕ ಗ್ಯಾಪ್ ಕಡಿಮೆ ಇಡಲು ಹೇಳಿದ್ದರೆ ಹಾಗೇ ಇಡಿ, ಪ್ಲಗ್ಗನ್ನು ಪೆಟ್ರೋಲ್ ಗಾಡಿಗಿಂತ ಬೇಗ ಬದಲಿಸಿ, ಸರ್ವಿಸ್‌ನಲ್ಲಿ ಎಚ್‌ಟಿ ವೈರ್ ಅಳೆಯಲು ಮರೆಯಬೇಡಿ. ಬ್ಯಾಕ್‌ಫೈರ್ ಆಗುತ್ತಿದ್ದರೆ ಅದನ್ನು ಕೂಡಲೇ ಸರಿಪಡಿಸಿ, ಗ್ಯಾಸ್ ಗಾಡಿಯಲ್ಲಿ ಅದು ಏರ್ ಫಿಲ್ಟರ್ ಡಬ್ಬಿಯನ್ನೇ ಒಡೆದುಹಾಕಬಲ್ಲದು.

ಆಸಿಲೋಸ್ಕೋಪ್ ಇದೆ. ಕಾಯಿಲ್‌ನ ತರಂಗದಲ್ಲಿ ಏನು ನೋಡಬೇಕು?

ಪ್ರೈಮರಿ ಮೈನಸ್ ಮೇಲೆ ನೋಡುವುದಾದರೆ 400 ವೋಲ್ಟ್‌ವರೆಗೆ ಏಳುತ್ತದೆ, ವೋಲ್ಟೇಜನ್ನು ಹತ್ತು ಅಥವಾ ಇಪ್ಪತ್ತು ಪಟ್ಟು ಇಳಿಸುವ ಅಟೆನ್ಯುಯೇಟರ್ ಇಲ್ಲದೆ ಪ್ರೋಬ್ ಮುಟ್ಟಿಸಬೇಡಿ. ಎಡದಿಂದ ಬಲಕ್ಕೆ ಮೊದಲು ಸೊನ್ನೆಯ ಹತ್ತಿರ ಡ್ವೆಲ್, ಆಮೇಲೆ ನೇರ ಮೇಲೇರುವ ಮುಳ್ಳು, ಅದರ ಹಿಂದೆ ಕಿಡಿ ಉರಿಯುವ ಗೆರೆ, ಕೊನೆಗೆ ಅಲೆ ಅಲೆಯಾಗಿ ತಣಿಯುವ ಬಾಲ. ಉರಿಯುವ ಗೆರೆ 1ರಿಂದ 2 ಮಿಲಿಸೆಕೆಂಡ್ ಇರಬೇಕು. ಮುಳ್ಳು ಎತ್ತರವಾಗಿ ಗೆರೆ ಗಿಡ್ಡವಾಗಿದ್ದರೆ ಗ್ಯಾಪ್ ಹೆಚ್ಚು ಅಥವಾ ವೈರ್ ತುಂಡು. ಮುಳ್ಳು ಗಿಡ್ಡ, ಗೆರೆ ಉದ್ದ ಆಗಿದ್ದರೆ ಪ್ಲಗ್ ಮಸಿ ಹಿಡಿದಿದೆ ಅಥವಾ ಕಂಪ್ರೆಷನ್ ಕಡಿಮೆ. ಬಾಲದಲ್ಲಿ ಮೂರ್ನಾಲ್ಕು ಅಲೆ ಸ್ಪಷ್ಟವಾಗಿ ಕಂಡರೆ ಕಾಯಿಲ್ ಆರೋಗ್ಯವಾಗಿದೆ. ಅಲೆಯೇ ಇಲ್ಲದೆ ಗೆರೆ ಥಟ್ಟನೆ ಮಲಗಿದರೆ ಸುತ್ತುಗಳು ಒಳಗೆ ಶಾರ್ಟ್ ಆಗಿವೆ, ಓಮ್ ಮೀಟರ್ ಏನೇ ಹೇಳಲಿ.